ಅಣ್ಣನ ಜೊತೆ ಹತ್ತು ದಿನ

ವೈನಿ, ಅಂದರೆ ಅಣ್ಣನ ಹೆಂಡತಿ, ಅಣ್ಣನನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನುವ ಸಿಟ್ಟು ರೂಪಾಲಿಗೆ ಎರಡು ವರ್ಷದಿಂದ ಇತ್ತು. ಅದನ್ನು ಒಳಗೇ ಇಟ್ಟುಕೊಳ್ಳುವ ಹೆಂಗಸೂ ಆಕೆಯಲ್ಲ. ಖಾನಾಪುರದ ತನ್ನ ಮನೆಗೆ ಜಂಪರ್ ಹೊಲಿಸಲು ಬಂದವರ ಅಳತೆ ತೆಗೆಯುತ್ತಲೇ ಹೇಳುತ್ತಿದ್ದಳು, "ನಮ್ಮಣ್ಣನ್ನ ಆಕಿ ಗೇಟಿಗೆ ಕೀಲಿ ಹಾಕಿ ಒಳಗ ಕುಂದರಸತಾಳ್ರಿ. ಇನ್ನೊಂದ ಕಪ್ ಚಾ ಕೇಳಿದ್ರ ಕೊಡಂಗಿಲ್ಲ. ಮಾತಾಡೂದಂತೂ ಸಣ್ಣ ಹುಡುಗರ ಜೋಡಿ ಮಾತಾಡಿದಂಗ." ಕೇಳಿದವರು ಪಾಪ ಅನ್ನುತ್ತಿದ್ದರು. ಆ ಪಾಪ ಅಣ್ಣನಿಗೆ ಸಲ್ಲುತ್ತಿತ್ತು, ವೈನಿಗಲ್ಲ.

ಅಣ್ಣ ಯಲ್ಲೇಶ ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಶಿನ್ ನಡೆಸುತ್ತಿದ್ದ. ಮನೆಯೂ ಅಲ್ಲೇ ಹತ್ತಿರ. ಎರಡು ವರ್ಷದ ಹಿಂದೆ ಸೆಕೆಂಡ್ ಶಿಫ್ಟಿಗೆ ಹೊರಟಾಗ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಹ್ಯಾಂಡಲಿಗೆ ತೂಗುಹಾಕಿದ್ದ. ತಲೆಯ ಆಪರೇಶನ್ ಆಗಿ, ಹದಿನಾಲ್ಕು ದಿನ ಕಣ್ಣು ತೆರೆಯದೆ ಮಲಗಿ, ಎರಡು ತಿಂಗಳ ಮೇಲೆ ಮನೆಗೆ ಬಂದ. ನಡೆಯುತ್ತಿದ್ದ, ಮಾತಾಡುತ್ತಿದ್ದ, ಎಲ್ಲರ ಗುರುತು ಹಿಡಿಯುತ್ತಿದ್ದ. ಬಲಗೈ ಮಾತ್ರ ಸ್ವಲ್ಪ ಸೋತಿತ್ತು. ನೋಡಲು ಬಂದವರೆಲ್ಲ ದೇವರು ದೊಡ್ಡವ, ಉಳಕೊಂಡ ಅಂದರು.

ರೂಪಾಲಿ ತಿಂಗಳಿಗೊಂದು ರವಿವಾರ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳು. ಅವಳಿದ್ದ ಎರಡು ತಾಸು ಅಣ್ಣ ನಗುತ್ತ ಇರುತ್ತಿದ್ದ, ಚಿಕ್ಕಂದಿನ ಮಾತು ತೆಗೆಯುತ್ತಿದ್ದ. ಹೀಗೆ ಇರುವ ಮನುಷ್ಯನನ್ನು ಇಟ್ಟುಕೊಂಡು ವೈನಿ ಪ್ರಮಿಳಾ ಯಾಕೆ ಯಾವಾಗಲೂ ಮುಖ ಬಿಗಿದುಕೊಂಡಿರುತ್ತಾಳೆ ಅನ್ನುವುದು ಆಕೆಗೆ ತಿಳಿಯುತ್ತಿರಲಿಲ್ಲ. ಟಿಳಕವಾಡಿಯ ಒಂದು ಶಾಲೆಯ ಆಫೀಸಿನಲ್ಲಿ ಹನ್ನೊಂದು ವರ್ಷ ಮಾಡಿದ ನೌಕರಿಯನ್ನೂ ಬಿಟ್ಟು ಮನೆಯಲ್ಲೇ ಇದ್ದಾಳೆ. ಅಣ್ಣನನ್ನು ನೋಡಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಾದರೂ ಏನಿದೆ?

ಒಂದು ಬುಧವಾರ ಬೆಳಿಗ್ಗೆ ಅಣ್ಣನ ಮಗಳು ಸೃಷ್ಟಿಯ ಫೋನ್ ಬಂತು. ಹುಡುಗಿ ಪಿಯುಸಿ ಓದುತ್ತಿದ್ದಳು. "ಅತ್ತಿ, ಅವ್ವ ಅಡಗಿಮನ್ಯಾಗ ಬಿದ್ದಾಳ. ಹೊಟ್ಟಿ ಹಿಡಕೊಂಡು ಒದ್ದಾಡಾಕತ್ತಾಳ. ಲಗೂನ ಬಾ."

ರೂಪಾಲಿ ಮುಟ್ಟುವಷ್ಟರಲ್ಲಿ ಬಾಜೂ ಮನೆಯವರು ಪ್ರಮಿಳಾಳನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದ್ದರು. ಪಿತ್ತಕೋಶದಲ್ಲಿ ಕಲ್ಲು. ತೆಗೆಸಬೇಕು ಎಂದು ಡಾಕ್ಟರು ಏಳು ತಿಂಗಳ ಹಿಂದೆಯೇ ಹೇಳಿದ್ದರಂತೆ. ಈಗ ಕೀವು ತುಂಬಿತ್ತು, ಮರುದಿನವೇ ಆಪರೇಶನ್.

"ಏಳು ತಿಂಗಳ ಯಾಕ ಸುಮ್ಮನ ಕುಂತಿದ್ದಿ ವೈನಿ?" ಎಂದು ರೂಪಾಲಿ ಬೈದಳು.

ಪ್ರಮಿಳಾ ಬಾಗಿಲ ಕಡೆ ನೋಡಿದಳು. ಕೈಗೆ ಸಲಾಯಿನ್ ಹಚ್ಚಿದ್ದರು. "ಅವರ ಹತ್ರ ಈಗ ಯಾರದಾರ?" ಎಂದಷ್ಟೇ ಕೇಳಿದಳು.

"ಸೃಷ್ಟಿ ಅದಾಳ. ನಾ ಅಣ್ಣನ್ನ ನಮ್ಮ ಊರಿಗೆ ಕರಕೊಂಡ ಹೋಗತೀನಿ. ಹತ್ತು ದಿನ ಆರಾಮ ಇರಲಿ."

ಪ್ರಮಿಳಾ ಏಳಲು ನೋಡಿದಳು. "ರೂಪಾ, ಕೇಳಿಲ್ಲೆ. ಗುಳಗಿ ಮೂರು ಹೊತ್ತು. ನಾಕರ ಮ್ಯಾಲ ಚಾ ಕೊಡಬ್ಯಾಡ, ನಿದ್ದಿ ಬರಂಗಿಲ್ಲ. ಗೇಟು..."

"ಅಂವ ನನ್ನ ಅಣ್ಣ," ಎಂದು ರೂಪಾಲಿ ತಡೆದಳು. "ಹ್ಯಾಂಗ ನೋಡಕೋಬೇಕು ಅನ್ನೂದನ್ನ ನನಗ ಹೇಳಿಕೊಡಬ್ಯಾಡ. ನೀ ಮಲಕೋ."

ಪ್ರಮಿಳಾ ಕಣ್ಣು ಮುಚ್ಚಿಕೊಂಡಳು.

ಮೊದಲ ದಿನ ಹಬ್ಬದಂತೆ ಹೋಯಿತು. ರೂಪಾಲಿಯ ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು, ಅವಳ ಕೋಣೆಯನ್ನು ಅಣ್ಣನಿಗೆ ಕೊಟ್ಟರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಶಿವಲಿಂಗ ಕೋಳಿ ತಂದ. ಯಲ್ಲೇಶ ಹೊಟ್ಟೆ ತುಂಬ ಉಂಡು, ತಂಗಿಯ ಕೈ ಅಡುಗೆ ಅವ್ವನ ಅಡುಗೆಯ ಹಾಗೇ ಐತಿ ಅಂದ. ಕೇಳಿದಾಗೆಲ್ಲ ರೂಪಾಲಿ ಚಹಾ ಮಾಡಿಕೊಟ್ಟಳು. ಒಂಬತ್ತನೆಯ ಕಪ್ಪಿನವರೆಗೂ ಆಕೆಗೆ ಏನೂ ಅನ್ನಿಸಲಿಲ್ಲ. ಆ ರಾತ್ರಿ ಅವನೂ ನಿದ್ದೆ ಮಾಡಲಿಲ್ಲ, ಮನೆಯವರನ್ನೂ ಮಾಡಗೊಡಲಿಲ್ಲ.

ಎರಡನೆಯ ದಿನ ಪ್ರಶ್ನೆ ಶುರುವಾಯಿತು.

"ಪ್ರಮಿಳಾ ಎಲ್ಲಿ?"

"ದವಾಖಾನ್ಯಾಗ ಅದಾಳಣ್ಣಾ. ಆಪರೇಶನ್ ಐತಿ ಇವತ್ತ."

"ಹೌದೇನು? ಪಾಪ." ಕಣ್ಣಲ್ಲಿ ನೀರು ಬರುತ್ತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ, "ಪ್ರಮಿಳಾ ಎಲ್ಲಿ?" ಮತ್ತೆ ಅದೇ ಉತ್ತರ, ಮತ್ತೆ ಹೊಸದಾಗಿ ಕಣ್ಣೀರು. ಮಧ್ಯಾಹ್ನದ ಹೊತ್ತಿಗೆ ರೂಪಾಲಿಯ ದನಿ ಗಡುಸಾಗಿತ್ತು. ಸಂಜೆಗೆ ಆಕೆ ಉತ್ತರ ಕೊಡುವುದನ್ನೇ ಬಿಟ್ಟಿದ್ದಳು. ಮೂರನೆಯ ದಿನ ಸ್ನಾನಕ್ಕೆ ಹೋಗು ಎಂದರೆ ಹೂಂ ಎಂದು ಎರಡು ತಾಸು ಕಟ್ಟೆಯ ಮೇಲೇ ಕುಳಿತ. ಹೂಂ ಅನ್ನುತ್ತಿದ್ದ, ಏಳುತ್ತಿರಲಿಲ್ಲ. ಅವನು ಬೇಕಂತಲೇ ಮಾಡುತ್ತಿದ್ದಾನೆ ಅನ್ನಿಸಿ ಆಕೆಗೆ ಸಿಟ್ಟು ಬಂತು. ಹೀಗನ್ನಿಸಿತಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಶನಿವಾರ, ನಾಲ್ಕನೆಯ ದಿನ, ಶಿವಲಿಂಗ ಡ್ಯೂಟಿಗೆ ಹೋಗಿದ್ದ. ಒಬ್ಬ ಹೆಂಗಸು ಮದುವೆಯ ಜಂಪರಿಗೆ ಅಳತೆ ಕೊಡಲು ಬಂದಳು. ಹದಿನೈದು ನಿಮಿಷದ ಕೆಲಸ. ಅದು ಮುಗಿಸಿ ಹೊರಗೆ ಬಂದರೆ ಕಟ್ಟೆ ಖಾಲಿ, ಗೇಟು ತೆರೆದಿತ್ತು. ಅಣ್ಣನನ್ನು ಕೂಡಿಹಾಕಬಾರದು ಎಂದು ರೂಪಾಲಿ ಆ ಗೇಟಿಗೆ ಒಂದು ದಿನವೂ ಕೀಲಿ ಹಾಕಿರಲಿಲ್ಲ.

ಮೊದಲು ಓಣಿ ನೋಡಿದಳು, ಆಮೇಲೆ ಪೇಟೆ. ಕಾಲಲ್ಲಿ ಚಪ್ಪಲಿಯಿಲ್ಲ ಅನ್ನುವುದೂ ತಿಳಿಯಲಿಲ್ಲ. ಪರಿಚಯದ ಒಬ್ಬ ಅಂಗಡಿಯವ ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದ. ಅಲ್ಲಿ ಬೆಳಗಾವಿಗೆ ಹೊರಟು ನಿಂತ ಬಸ್ಸಿನ ಕಿಟಕಿಯ ಬದಿಗೆ ಯಲ್ಲೇಶ ನೆಟ್ಟಗೆ ಕುಳಿತಿದ್ದ. ಮಡಿಲಲ್ಲಿ ಒಂದು ಖಾಲಿ ಚೀಲ.

"ಅಣ್ಣಾ, ಇಳಿ. ಎಲ್ಲಿ ಹೊಂಟಿ?"

"ಡ್ಯೂಟಿಗೆ. ಎರಡಕ್ಕ ಶಿಫ್ಟ್ ಸುರು ಆಗತೈತಿ."

"ಯಾವ ಡ್ಯೂಟಿ? ಕೆಲಸ ಬಿಟ್ಟು ಎರಡ ವರ್ಷ ಆತು."

"ಯಾರ ಹೇಳಿದ್ರು ನಿನಗ?" ಅವನ ಮುಖ ಕೆಂಪಾಯಿತು.

ರೂಪಾಲಿ ಕೈ ಹಿಡಿದು ಎಳೆದಳು. ಅವನು ಎಡಗೈಯಿಂದ ಜೋರಾಗಿ ನೂಕಿದ. ಆಕೆ ಸೀಟುಗಳ ನಡುವೆ ಬಿದ್ದಳು, ಮೊಣಕೈ ಕಬ್ಬಿಣಕ್ಕೆ ಬಡಿದು ರಕ್ತ ಬಂತು. ಬಸ್ಸಿನವರೆಲ್ಲ ಒಮ್ಮೆಲೇ ಕೂಗಿಕೊಂಡರು. ಕುಡಿದಾನ ನೋಡ್ರಿ ಎಂದು ಒಬ್ಬರು, ಪೊಲೀಸರನ್ನ ಕರೀರಿ ಎಂದು ಇನ್ನೊಬ್ಬರು. ಇಬ್ಬರು ಮೊಬೈಲ್ ಎತ್ತಿ ಹಿಡಿದರು. ಗದ್ದಲ ಏರಿದಷ್ಟೂ ಯಲ್ಲೇಶ ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ನಡುಗತೊಡಗಿದ.

ರೂಪಾಲಿ ಬಸ್ಸಿನಿಂದ ಇಳಿದು, ಅಳುತ್ತಲೇ ಪ್ರಮಿಳಾಳಿಗೆ ಫೋನ್ ಮಾಡಿದಳು. ಆಪರೇಶನ್ ಆಗಿ ಎರಡೇ ದಿನವಾಗಿದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

"ವೈನಿ, ಅಣ್ಣ ಬಸ್ಸಿನ್ಯಾಗ ಕುಂತಾನ. ಇಳಿಯಾಕ ಒಲ್ಲ ಅಂತಾನ. ನನ್ನ ನೂಕಿದ."

 ಪ್ರಮಿಳಾಳ ದನಿ ಸಣ್ಣದಾಗಿ, ಆದರೆ ಸ್ವಲ್ಪವೂ ಗಾಬರಿಯಿಲ್ಲದೆ ಬಂತು. "ನಿನಗ ಪೆಟ್ಟಾಗೇತೇನು?"

"ಸ್ವಲ್ಪ."

"ಹಂಗಿದ್ರ ಕೇಳು. ಫೋನ್ ಅವರಿಗೆ ಕೊಡಬ್ಯಾಡ, ನನ್ನ ದನಿ ಕೇಳಿದ್ರ ಹಟ ಹೆಚ್ಚಾಗತೈತಿ. ಮದ್ಲ ಮಂದೀನ ದೂರ ಸರಸು. ಗದ್ದಲ ಅವರಿಗೆ ತಡಕೊಳ್ಳಾಕ ಆಗಂಗಿಲ್ಲ. ಎದುರಿಗೆ ನಿಂದರಬ್ಯಾಡ, ಬಾಜೂಕ ಕುಂದರು. ಐದು ನಿಮಿಷ ಏನೂ ಮಾತಾಡಬ್ಯಾಡ. ಡ್ಯೂಟಿ ಇಲ್ಲ ಅಂತ ಮಾತ್ರ ಅನಬ್ಯಾಡ ರೂಪಾ. ಅದನ್ನ ಕೇಳಿದಾಗೊಮ್ಮೆ ಅವರಿಗೆ ಹೊಸಾ ಸುದ್ದಿ ಅದು. ತಣ್ಣಗಾದ ಮ್ಯಾಲ ಒಂದು ಕೆಲಸ ಹೇಳು. ಕೈಲೆ ಮಾಡೂವಂಥಾದ್ದು."

ಬಸ್ಸಿನ ಕಂಡಕ್ಟರು ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಎದೆಯ ಪಟ್ಟಿಯ ಮೇಲೆ ಮೈಲಾರಲಿಂಗ ಎಂದಿತ್ತು. "ತಲೀಗೆ ಪೆಟ್ಟಾಗಿತ್ತೇನ್ರಿ?" ಎಂದು ಕೇಳಿದ. ಆಕೆ ತಲೆ ಆಡಿಸಿದಳು. ಅವನು ಒಳಗೆ ಹೋಗಿ, "ಹತ್ತು ನಿಮಿಷ ಎಲ್ಲಾರೂ ಕೆಳಗ ಇಳೀರಿ, ಚಾ ಕುಡದ ಬರ್ರಿ. ಏ ಮೊಬೈಲಿನವ್ರ, ನಿಮ್ಮ ಮನ್ಯಾಗ ಹಿಂಗಾದ್ರ ತೋರಸತೀರೇನು? ಇಡ್ರಿ ಒಳಗ," ಎಂದು ಎಲ್ಲರನ್ನೂ ಇಳಿಸಿದ. ಗೊಣಗುತ್ತಲೇ ಇಳಿದರು.

ಖಾಲಿ ಬಸ್ಸಿನಲ್ಲಿ ರೂಪಾಲಿ ಅಣ್ಣನ ಪಕ್ಕ ಕುಳಿತಳು. ಐದು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ. ಅವನ ಕೈ ಮೆಲ್ಲಗೆ ಸಡಿಲವಾಯಿತು.

"ಡ್ಯೂಟಿಗೆ ಹೊತ್ತಾಗತೈತಿ," ಅಂದ.

"ಹೂಂ," ಎಂದಳು. ಸ್ವಲ್ಪ ತಡೆದು, "ಅಣ್ಣಾ, ನನ್ನ ಹೊಲಿಗಿ ಮಶಿನ್ನಿನ ಒಂದು ಸ್ಕ್ರೂ ಸಡಲಾಗೇತಿ. ಗಡಗಡ ಸಪ್ಪಳ ಬರತೈತಿ. ನೋಡಿ ಕೊಟ್ಟ ಹೋಗು."

ಯಲ್ಲೇಶ ತಿರುಗಿ ನೋಡಿದ. "ಯಾವ ಸ್ಕ್ರೂ? ಮ್ಯಾಲಿಂದೋ, ಕೆಳಗಿಂದೋ?"

"ಕೆಳಗಿಂದು."

"ಎಣ್ಣಿ ಹಾಕಿದ್ದೇನು?" ಎನ್ನುತ್ತ ಎದ್ದ. ಎದ್ದು ತಾನಾಗಿಯೇ ಇಳಿದ.

ಮನೆಗೆ ಬಂದು ನಿಜವಾಗಿಯೂ ಮಶಿನ್ ಮಗುಚಿ ಹಾಕಿ ನೋಡಿದ. ಬಲಗೈ ನಡುಗುತ್ತಿತ್ತು, ಎಡಗೈಯಿಂದ ಸ್ಕ್ರೂ ಡ್ರೈವರ್ ತಿರುಗಿಸಿದ. ಬಿಗಿಯಿದ್ದ ಸ್ಕ್ರೂವನ್ನೇ ಸಡಿಲಿಸಿ ಮತ್ತೆ ಬಿಗಿ ಮಾಡಿ, "ಈಗ ನಡೀತೈತಿ ನೋಡು," ಅಂದ. ಆಮೇಲೆ ಅವನ ಕಣ್ಣು ಆಕೆಯ ಮೊಣಕೈಯ ಮೇಲೆ ಬಿತ್ತು.

"ಏನಾತು ತಂಗಿ? ಯಾರ ಹೊಡದ್ರು? ಹೆಸರ ಹೇಳು, ನಾ ನೋಡತೀನಿ ಅವನ್ನ."

"ಯಾರೂ ಹೊಡದಿಲ್ಲ ಅಣ್ಣಾ. ಎಡವಿ ಬಿದ್ದೆ."

ಅವನು ಒಳಗೆ ಹೋಗಿ ಅರಿಶಿನ ಹುಡುಕಿ ತಂದು, ಸೋತ ಕೈಯಿಂದಲೇ ಹಚ್ಚಿದ. ರೂಪಾಲಿ ಅವನ ಮುಖ ನೋಡದೆ ಗೋಡೆ ನೋಡುತ್ತ ಕುಳಿತಳು.

ಸಂಜೆ ಮತ್ತೆ ಪ್ರಮಿಳಾಳಿಗೆ ಫೋನ್ ಮಾಡಿದಳು. ಗುಳಿಗೆಯ ಹೊತ್ತು, ಸ್ನಾನಕ್ಕೆ ಎಬ್ಬಿಸುವ ರೀತಿ, ಪ್ರಮಿಳಾ ಎಲ್ಲಿ ಎಂದು ಅಣ್ಣ ಕೇಳಿದರೆ ಏನು ಹೇಳಬೇಕು, ಎಲ್ಲ ಕೇಳಿಕೊಂಡಳು. ದವಾಖಾನೆ ಅನ್ನಬ್ಯಾಡ, ಕೆಲಸಕ್ಕ ಹೋಗ್ಯಾಳ ಅನ್ನು, ಅಷ್ಟಕ್ಕ ಸಮಾಧಾನ ಆಗತಾರ ಎಂದಳು ಪ್ರಮಿಳಾ. ಕೊನೆಗೆ ರೂಪಾಲಿ ಕೇಳಿದಳು, "ವೈನಿ, ನಿನ್ನನ್ನೂ ಹಿಂಗ ನೂಕ್ಯಾನೇನು?"

"ಎಣಿಸಾಕ ಹೋಗಿಲ್ಲ," ಎಂದಳು ಪ್ರಮಿಳಾ.

"ನನಗ್ಯಾಕ ಹೇಳಲಿಲ್ಲ?"

"ನಿನಗ ಅವರ ಮ್ಯಾಲ ಭಾಳ ಜೀವ. ಹೇಳಿದ್ರ ನಂಬತಿದ್ದಿಲ್ಲ."

ಖರೇ ಮಾತು. ರೂಪಾಲಿ ಫೋನ್ ಇಟ್ಟು ಅಣ್ಣನ ರಾತ್ರಿಯ ಗುಳಿಗೆ ತೆಗೆದಿಟ್ಟಳು.

ಆಮೇಲಿನ ದಿನಗಳು ಸಲೀಸಾದವು ಅಂತೇನಲ್ಲ. ಮಾಡುವ ರೀತಿ ಗೊತ್ತಾಯಿತು, ಆದರೆ ಮಾಡುವ ಮೈ ಒಂದೇ ಅಲ್ಲವೇ? ಮಂಗಳವಾರ ಅನ್ನದ ತಾಟನ್ನು ಯಲ್ಲೇಶ ಅಂಗಳಕ್ಕೆ ಎಸೆದಾಗ ರೂಪಾಲಿ ಕಿರುಚಿದಳು. ಎಂಥ ಮಾತು ಬಂದವೋ, ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮೂಲೆಗೆ ಸರಿದ. ಆಕೆ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತಳು. ಶಿವಲಿಂಗ ಎರಡು ದಿನ ರಜೆ ಹಾಕಿದ.

ಒಂಬತ್ತನೆಯ ದಿನ ಗುರುವಾರ. ಅಣ್ಣನ ಕೈಗೆ ವ್ಯಾಯಾಮ ಮಾಡಿಸಲು ಟಿಳಕವಾಡಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ವ್ಯಾಯಾಮ ಮಾಡಿಸುವವಳು ಜನ್ನತ ಎಂಬ ಹುಡುಗಿ, ಮಾತು ಕಡಿಮೆ, ಕೆಲಸ ಚುರುಕು. ಯಲ್ಲೇಶನನ್ನು ಒಳಗೆ ಕೂರಿಸಿಕೊಂಡು ಆಕೆ ರೂಪಾಲಿಗೆ ಹೇಳಿದಳು, "ಇವತ್ತ ಎರಡನೇ ಗುರುವಾರರಿ. ಹಿಂದಿನ ಖೋಲ್ಯಾಗ ಮನಿಮಂದಿ ಕೂಡ್ಯಾರ. ನೀವೂ ಹೋಗಿ ಕುಂದರ್ರಿ. ಇವರ ಹತ್ರ ನಾ ಇರತೀನಿ."

ಹಿಂದಿನ ಕೋಣೆಯಲ್ಲಿ ಆರೇಳು ಜನರಿದ್ದರು. ಎಲ್ಲರ ಮನೆಯಲ್ಲೂ ತಲೆಗೆ ಪೆಟ್ಟಾದವರು ಒಬ್ಬರಿದ್ದರು. ರೂಪಾಲಿ ಬಾಗಿಲ ಬಳಿ ಕುಳಿತು, "ನಾ ಯಲ್ಲೇಶನ ಹೇಣ್ತಿ ಅಲ್ಲರಿ, ತಂಗಿ. ವೈನಿಗೆ ಆಪರೇಶನ್ ಆಗೇತಿ. ಹತ್ತು ದಿನಕ್ಕಷ್ಟ ಬಂದೇನಿ," ಅಂದಳು, ತನಗೆ ಇಲ್ಲಿ ಕೂರುವ ಹಕ್ಕಿಲ್ಲ ಅನ್ನುವ ಹಾಗೆ.

ಹುಸೇನಸಾಬ ಎಂಬ ಹಿರಿಯರು ಮಾತಾಡುತ್ತಿದ್ದರು. ಅವರ ಹೆಂಡತಿ ಹುಸೇನಬೀ ನಾಲ್ಕು ವರ್ಷದ ಹಿಂದೆ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದಿದ್ದಳು. "ಮದಲಿನ ವರ್ಷ ನಾ ಮನಿ ಬಿಟ್ಟು ಕದಲಲಿಲ್ಲರಿ. ಹೊರಗ ಹ್ವಾದ್ರ ಗುನ್ಹೆ ಮಾಡಿದಂಗ ಅನಸತಿತ್ತು. ಮನ್ಯಾಗ ಇದ್ದು ಏನ ಮಾಡಿದೆ? ಆಕಿ ಮ್ಯಾಲ ಒದರಾಡಿದೆ. ಈಗ ಶುಕ್ರವಾರ ನಮಾಜ್ ಮುಗಿಸಿ ಒಂದು ತಾಸು ದೋಸ್ತನ ಅಂಗಡ್ಯಾಗ ಕುಂದರತೀನಿ. ಸೊಸಿ ನೋಡಕೋತಾಳ. ಆ ಒಂದು ತಾಸಿನಾಗ ನಾ ಏನೂ ಮಾಡಂಗಿಲ್ಲ. ರಸ್ತೆ ನೋಡತೀನಿ. ಅಷ್ಟಕ್ಕ ವಾರ ಕಳೀತೈತಿ."

ಯಾರೂ ನಗಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬ ಹೆಂಗಸು ರೂಪಾಲಿಯ ಕಡೆ ತಿರುಗಿ, "ಪ್ರಮಿಳಾ ಬಾಯಾರ ಆರೋಗ್ಯ ಹ್ಯಾಂಗೈತ್ರಿ? ಅವರು ಒಂದ ಸಲ ಅಷ್ಟ ಬಂದಿದ್ರು. ಬರೂ ಮನಸಿತ್ತು, ಆದ್ರ ಮನ್ಯಾಗ ಇರಾಕ ಯಾರೂ ಇಲ್ಲ ಅಂದಿದ್ರು," ಎಂದಳು.

ರೂಪಾಲಿಗೆ ನೆನಪಾಯಿತು. ಹೋದ ವರ್ಷ ಪ್ರಮಿಳಾ ಫೋನಿನಲ್ಲಿ ಕೇಳಿದ್ದಳು, ತಿಂಗಳಿಗೊಂದು ಗುರುವಾರ ಎರಡು ತಾಸು ಬಂದು ನಿಮ್ಮಣ್ಣನ ಹತ್ರ ಕುಂದರತೀಯೇನು, ನನಗೊಂದು ಕಡೆ ಹೋಗೂದೈತಿ ಎಂದು. ಅಣ್ಣ ಹಿಂಗಿರುವಾಗ ನಿನಗ ತಿರುಗಾಟ ಯಾಕ ಬೇಕು ವೈನಿ ಎಂದು ಈಕೆ ಕೇಳಿದ್ದಳು. ಪ್ರಮಿಳಾ ಹೌದು ಬಿಡು ಅಂದಿದ್ದಳು. ಆಮೇಲೆ ಎಂದೂ ಕೇಳಲಿಲ್ಲ.

ಆ ಕೋಣೆಯಲ್ಲಿ ಎಲ್ಲರೆದುರು ರೂಪಾಲಿ ಅದನ್ನು ಹೇಳಿಬಿಟ್ಟಳು. ತಾನು ಕಿರುಚಿದ್ದನ್ನೂ ಹೇಳಿದಳು. ಹುಸೇನಸಾಬರು, "ಹತ್ತು ದಿನದಾಗ ನಿಮಗ ತಿಳೀತಲ್ಲ ತಾಯಿ. ಎಷ್ಟೋ ಮಂದಿಗೆ ಹತ್ತು ವರ್ಷಕ್ಕೂ ತಿಳಿಯಂಗಿಲ್ಲ," ಎಂದರು.

ಮರುದಿನ ಅಣ್ಣನನ್ನು ಮಚ್ಛೆಗೆ ಕರೆತಂದಳು. ಪ್ರಮಿಳಾ ಮನೆಗೆ ಬಂದು ಮೂರು ದಿನವಾಗಿತ್ತು. ಗಂಡನನ್ನು ಕಂಡು ಎದ್ದು ಕೂತಳು. ಯಲ್ಲೇಶ, "ಎಲ್ಲಿ ಹೋಗಿದ್ದಿ? ಎಷ್ಟ ಸೊರಗೀದಿ!" ಎಂದು ಆಕೆಯ ಗಲ್ಲ ಮುಟ್ಟಿ ನೋಡಿದ. ಸೃಷ್ಟಿ ಅವನಿಗೆ ಊಟಕ್ಕೆ ಕೊಟ್ಟಳು.

ನಾದಿನಿ ವೈನಿ ಇಬ್ಬರೇ ಉಳಿದಾಗ ರೂಪಾಲಿ ಅಣ್ಣನ ಬಟ್ಟೆಯ ಚೀಲ ಬಿಚ್ಚತೊಡಗಿದಳು. ಪ್ರಮಿಳಾಳೇ ಮಾತು ಶುರು ಮಾಡಿದಳು. "ಒಂದು ಮಾತ ಹೇಳತೀನಿ, ತಪ್ಪ ತಿಳಕೋಬ್ಯಾಡ. ದವಾಖಾನ್ಯಾಗ ಹೊಟ್ಟಿ ಕೊಯ್ದು ಹೊಲಿಗಿ ಹಾಕಿದ್ರು, ಮೈಯೆಲ್ಲ ನೋವು. ಆದ್ರೂ ನನಗ ಖುಷಿ ಆಗಿತ್ತು. ಯಾರೂ ಕರೀಲಿಲ್ಲ, ಎಬ್ಬಸಲಿಲ್ಲ. ನಿದ್ದಿ ಹತ್ತೀತು. ಎಚ್ಚರಾದಾಗ ನಾಚಿಕಿ ಬಂತು."

"ನಾಚಿಕಿ ನಿನಗ್ಯಾಕ?" ಎಂದಳು ರೂಪಾಲಿ. "ಊರ ತುಂಬ ನಿನ್ನ ಹೆಸರ ಕೆಡಿಸಿದಾಕಿ ನಾನು."

"ಗೊತ್ತೈತಿ. ಇಲ್ಲೀತನಕ ಬಂದೈತಿ ಸುದ್ದಿ." ಪ್ರಮಿಳಾಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದಳು, "ನಾನೂ ಒಮ್ಮೆ ಅವರಿಗೆ ಹೊಡದೇನಿ ರೂಪಾ. ಒಂದ ಸಲ. ಯಾರಿಗೂ ಹೇಳಿಲ್ಲ."

ರೂಪಾಲಿ ವೈನಿಯ ಕೈ ಹಿಡಿದುಕೊಂಡಳು.  ಅಣ್ಣ ತಾಟು ಎಸೆದ ದಿನ ತಾನು ಏನೇನು ಅಂದೆ ಅನ್ನುವುದನ್ನು ಒಂದೊಂದಾಗಿ ಹೇಳಿದಳು.

ಪ್ರತಿ ತಿಂಗಳು ನಾಲ್ಕು ದಿನ ಯಲ್ಲೇಶ ಖಾನಾಪುರದಲ್ಲಿ ಇರುವುದು, ಎರಡನೇ ಗುರುವಾರ ರೂಪಾಲಿ ಮಚ್ಛೆಗೆ ಬರುವುದು ಎಂದು ಅಂದೇ ಮಾತಾಯಿತು. ಕೆಲವು ಸಂಬಂಧಿಕರು ಮೂಗು ಮುರಿದರು, ಗಂಡನನ್ನ ಪಾಳಿ ಹಚ್ಚಿ ಕಳಸತಾಳ ಅಂದರು. ಆ ಮಾತು ತನ್ನ ಮುಂದೆ ಬಂದಾಗ ರೂಪಾಲಿ, "ನಾಕ ದಿನ ನಿಮ್ಮ ಮನ್ಯಾಗ ಇಟಗೊಂಡ ನೋಡ್ರಿ, ಆಮ್ಯಾಲ ಮಾತಾಡೂಣು," ಎಂದಳು. ಖಾನಾಪುರದ ಮನೆಯ ಗೇಟಿಗೆ ಶಿವಲಿಂಗ ಒಳಗಿನಿಂದ ಕೀಲಿ ಹಾಕುವಂಥ ಒಂದು ಚಿಲಕ ಹಚ್ಚಿದ.

ಮೊದಲ ತಿಂಗಳ ನಾಲ್ಕು ದಿನ ಪ್ರಮಿಳಾಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮನೆಯ ಚಾದರಗಳನ್ನೆಲ್ಲ ಒಗೆದಳು, ದಿನಕ್ಕೆ ಆರು ಸಲ ಫೋನ್ ಮಾಡಿದಳು. ಎರಡನೆಯ ತಿಂಗಳು ಗುರುವಾರದ ಕೋಣೆಗೆ ಹೋಗಿ ಬಂದಳು. ನಾಲ್ಕು ದಿನದಲ್ಲಿ ಎರಡು ದಿನ ಮಧ್ಯಾಹ್ನ ಮಲಗಿದಳು.

ಮೂರನೆಯ ತಿಂಗಳು, ನಾಲ್ಕನೆಯ ದಿನ ಬೆಳಿಗ್ಗೆ ಪ್ರಮಿಳಾಳ ಫೋನ್ ಬಂತು. ಹಿಂದೆ ಕೆಲಸ ಮಾಡುತ್ತಿದ್ದ ಶಾಲೆಯ ಗೆಳತಿಯರು ಖಾನಾಪುರದ ಹತ್ತಿರದ ಹಲಸಿಗೆ ಗುಡಿ ನೋಡಲು ಹೊರಟಿದ್ದರಂತೆ, ನೀನೂ ಬಾ ಎಂದು ಕರೆದಿದ್ದರಂತೆ. ಕೇಳಲೋ ಬೇಡವೋ ಎಂದು ತಡವರಿಸಿ, "ಇನ್ನೊಂದು ದಿನ ಇಟಗೋತೀಯೇನು ರೂಪಾ?" ಅಂದಳು. ಎರಡು ವರ್ಷದಲ್ಲಿ ಆಕೆ ತನಗಾಗಿ ಬಾಯಿಬಿಟ್ಟು ಕೇಳಿದ್ದು ಇದು ಎರಡನೆಯ ಸಲ.

ರೂಪಾಲಿ ಹಿಂದಿನ ದಿನವಿಡೀ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿದ್ದಳು. ಹೂಂ ಅನ್ನಬೇಕೆಂದು ಬಾಯಿ ತೆರೆದಳು, ಬಂದದ್ದು ಬೇರೆ ಮಾತು. "ವೈನಿ, ಖರೇ ಹೇಳಲೇನು? ನನಗೂ ಸಾಕಾಗೇತಿ. ಇವತ್ತ ಯಾರರೆ ಬಂದು ಇವನ್ನ ಕರಕೊಂಡ ಹೋದ್ರ ಸಾಕು ಅನಸೇತಿ."

 ಆ ಕಡೆ ಪ್ರಮಿಳಾ ನಗತೊಡಗಿದಳು. ಅಪಘಾತವಾದ ಮೇಲೆ ಆಕೆ ಹಾಗೆ ನಕ್ಕದ್ದನ್ನು ರೂಪಾಲಿ ಕೇಳಿರಲಿಲ್ಲ. ಈಕೆಗೂ ನಗು ತಡೆಯಲಾಗಲಿಲ್ಲ.

"ಹಂಗಿದ್ರ ಹಿಂಗ ಮಾಡೂಣು," ಎಂದಳು ಪ್ರಮಿಳಾ ಉಸಿರು ಸುಧಾರಿಸಿಕೊಂಡು. "ಹಲಸಿ ಮುಗಿಸಿ ಸಂಜೀಕ ನಾನ ನಿಮ್ಮ ಮನೀಗೆ ಬರತೀನಿ. ನೀ ಅಡಗಿ ಮಾಡಬ್ಯಾಡ, ಬರೂ ಮುಂದ ಏನರೆ ತರತೀನಿ. ಸಂಜೀತನಕ ತಡೀತೀಯೇನು?"

"ಸಂಜೀತನಕ ತಡೀತೀನಿ."

ಕಟ್ಟೆಯ ಮೇಲೆ ಕುಳಿತಿದ್ದ ಯಲ್ಲೇಶ, ತಂಗಿ ನಗುವುದನ್ನು ನೋಡಿ ತಾನೂ ನಗುತ್ತ, "ಯಾರ ಫೋನು?" ಎಂದು ಕೇಳಿದ.

"ವೈನೀದು ಅಣ್ಣಾ. ಸಂಜೀಕ ಬರತಾಳಂತ."

"ಬರ್ಲಿ, ಬರ್ಲಿ," ಅಂದ ಯಲ್ಲೇಶ.